ಮೇಜಿನ ಮೇಲಿನ ಕೈ

ಹೊಸಮರಳಹುಂಡಿ
ತಿ. ನರಸೀಪುರ ತಾಲ್ಲೂಕು
12 ಆಗಸ್ಟ್ 2024

ತೇಜಸ್ವಿನಿಗೆ,

ಪತ್ರದ ಮೊದಲ ಸಾಲಿನಲ್ಲಿ ಕ್ಷೇಮ ವಿಚಾರಿಸದ ಮಕ್ಕಳಿಗೆ ಅರ್ಧ ಅಂಕ ಕಳೆಯುತ್ತಿದ್ದವಳು ನಾನು. ಇವತ್ತು ಆ ಅರ್ಧ ಅಂಕ ನನ್ನದರಲ್ಲೇ ಕಳೆ. ನಿನ್ನ ಕ್ಷೇಮ ಕೇಳುವಷ್ಟು ತಾಳ್ಮೆ ಈಗ ನನ್ನಲ್ಲಿಲ್ಲ.

ಫೋನ್ ಮಾಡಿದರೆ ನೀನು, 'ವರದಿ ಬಗ್ಗೆ ಆಕ್ಷೇಪಣೆ ಇದ್ದರೆ ಬರವಣಿಗೆಯಲ್ಲಿ ಅಂಚೆಗೆ ಹಾಕಿ ಟೀಚರ್, ಫೈಲಿಗೆ ಸೇರಬೇಕು' ಎಂದೆ. ಇದೇ ಊರಿನ ಶಾಲೆಯಲ್ಲಿ ಐದು ವರ್ಷ ನನ್ನ ಮುಂದೆ ಕೂತು ಅಕ್ಷರ ಕಲಿತ ಹುಡುಗಿ ಇವತ್ತು ನಂಜನಗೂಡಿನ ಮೌಲ್ಯಮಾಪನ ಕೇಂದ್ರದಲ್ಲಿ ಮನಃಶಾಸ್ತ್ರಜ್ಞೆ. ನನಗೆ ಹೆಮ್ಮೆ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ನೀನು ಕೊಟ್ಟ ಕಾಗದ ನೋಡಿ ನನ್ನ ಹೊಟ್ಟೆ ಉರಿಯುತ್ತಿದೆ.

ನಿನ್ನ ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ರಂಜಿನಿಗೆ ಐವತ್ತನಾಲ್ಕು ಅಂಕ, ಸಾಮಾನ್ಯ ಮಗುವಿಗೆ ನೂರರ ಆಸುಪಾಸಂತೆ. 'ಬೌದ್ಧಿಕ ನ್ಯೂನತೆ ಇದೆ, ವಿಶೇಷ ಶಿಕ್ಷಣಕ್ಕೆ ಶಿಫಾರಸು.' ಐದನೇ ತರಗತಿಯ ಹತ್ತು ವರ್ಷದ ಮಗುವಿನ ಬಗ್ಗೆ ನಲವತ್ತು ನಿಮಿಷದಲ್ಲಿ ಇಷ್ಟೆಲ್ಲ ತಿಳಿದುಬಿಟ್ಟಿತೇ ನಿನಗೆ?

ನನಗೆ ತಿಳಿದ ರಂಜಿನಿಯನ್ನು ಹೇಳುತ್ತೇನೆ ಕೇಳು. ಅವಳ ಅಜ್ಜಿ ಮಹದೇವಮ್ಮ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು. ಅಪ್ಪ ರಾಜೇಂದ್ರ, ಅವ್ವ ಇಬ್ಬರೂ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟಿನ ಕೆಲಸಕ್ಕೆ ಹೋಗುತ್ತಾರೆ, ಮಗು ಇಲ್ಲಿ ಅಜ್ಜಿಯ ಜೊತೆ ಇದೆ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ರಂಜಿನಿ ಐದೂ ತರಗತಿಯ ಸಾಲಿನ ಮುಂದೆ ಒಂದೊಂದು ಗಳಿಗೆ ನಿಂತು ಅಡುಗೆಮನೆಗೆ ಓಡುತ್ತಾಳೆ. 'ಅಜ್ಜೀ, ನಲವತ್ತೇಳು ಜನ. ನಾಲ್ಕು ಕೆಜಿ ಏಳ್ನೂರು' ಎನ್ನುತ್ತಾಳೆ. ಮಹದೇವಮ್ಮ ಅಷ್ಟೇ ಅಕ್ಕಿ ಹಾಕುತ್ತಾರೆ. ಮೊಟ್ಟೆ ಕೊಡುವ ದಿನ ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು ಅಂತ ಪಟ್ಟಿ ನೋಡದೆ ಹೇಳುವವಳು ಅವಳೇ. ನನ್ನ ಪರೀಕ್ಷೆಗಳಲ್ಲಿ ನಲವತ್ತಕ್ಕೆ ಮೂವತ್ತೆಂಟು ತೆಗೆದವಳು.

ಜುಲೈನಲ್ಲಿ ಹೊಸ ಸಮೀಕ್ಷೆ ಅಂತ ಬಂದರು. ಹೊರಗಿನವರು ಪರೀಕ್ಷೆ ನಡೆಸುತ್ತಾರೆ, ಶಿಕ್ಷಕರು ಒಳಗಿರಬಾರದು ಎಂದು ನನ್ನನ್ನು ವೆರಾಂಡಕ್ಕೆ ಕಳಿಸಿದರು. ರಂಜಿನಿ ಕಾಗದ ಖಾಲಿ ಬಿಟ್ಟಳು. ಕಡಿಮೆ ಬಂದವರನ್ನು ನಿಮ್ಮ ಶಿಬಿರಕ್ಕೆ ಕರೆತರಬೇಕೆಂದು ಆದೇಶವಾಯಿತು. ಕರೆತಂದೆ. ಎಂಥ ಶಿಬಿರ ಅದು! ಫ್ಯಾನು ಕಟಕಟ ಅನ್ನುತ್ತಿತ್ತು, ಹೊರಗೆ ಮಕ್ಕಳ ಗಲಾಟೆ, ನಿನ್ನ ಕೈಯಲ್ಲಿ ಆ ಸೆಕೆಂಡಿನ ಗಡಿಯಾರ. ಲಿಫ್ಟಿನ ಚಿತ್ರ ತೋರಿಸಿ 'ಕಾಣೆಯಾಗಿರುವ ಭಾಗ ಯಾವುದು' ಎಂದು ಕೇಳಿದೆ. ಲಿಫ್ಟು ನಾನೇ ಹತ್ತಿದ್ದು ಎರಡು ಸಲ. ಇನ್ನು 'ಕಾಣೆಯಾಗಿರುವ' ಎಂಬುದು ನಮ್ಮ ಮಕ್ಕಳಿಗೆ ಪೊಲೀಸ್ ಠಾಣೆಯ ಮಾತು. 'ಇದ್ರಲ್ಲಿ ಏನಿಲ್ಲ ಯೋಳವ್ವ' ಎಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಮಗು ಹೆದರಿತ್ತು. ಧೈರ್ಯಕ್ಕಿರಲಿ ಎಂದು ನಾನು ಪಕ್ಕದಲ್ಲೇ ಮೇಜಿನ ಮೇಲೆ ಕೈಯಿಟ್ಟು ಕೂತಿದ್ದೆ. ಅದಕ್ಕೇ ಅಷ್ಟಾದರೂ ಬಾಯಿ ಬಿಟ್ಟಳು.

ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಡಿಸೆಂಬರ್ ಕೊನೆಯೊಳಗೆ ಅರ್ಜಿ ಹಾಕಬೇಕು. ಆರನೇ ತರಗತಿಗೆ ಅವಳಿಗೆ ಬೇರೆ ದಾರಿ ಇಲ್ಲ, ಇಲ್ಲಿ ಇರುವುದು ಐದರವರೆಗೆ ಮಾತ್ರ. ರಾಜೇಂದ್ರ ಆಗಲೇ 'ವಿಶೇಷ ಮಕ್ಕಳ ಹಾಸ್ಟೆಲಿಗೆ ಸೇರಿಸ್ತೀನಿ' ಎನ್ನುತ್ತಿದ್ದಾನೆ. ಈ ವರದಿ ರದ್ದು ಮಾಡಿ ಇನ್ನೊಮ್ಮೆ ಸರಿಯಾಗಿ ಪರೀಕ್ಷೆ ಮಾಡು.

ನಿನ್ನ ಟೀಚರ್,
ಚನ್ನಾಜಮ್ಮ


ನಂಜನಗೂಡು
24 ಆಗಸ್ಟ್ 2024

ಗೌರವಾನ್ವಿತ ಚನ್ನಾಜಮ್ಮ ಟೀಚರ್ ಅವರಿಗೆ,

ನಿಮ್ಮ ಆಕ್ಷೇಪಣೆ ಪತ್ರ ತಲುಪಿದೆ, ಕಡತದಲ್ಲಿ ದಾಖಲಾಗಿದೆ.

ಪರೀಕ್ಷೆಯ ಕೈಪಿಡಿಯಲ್ಲಿರುವ ವಾಕ್ಯವನ್ನು ಒಂದಕ್ಷರವೂ ಬದಲಿಸದೆ ಓದಬೇಕೆಂಬುದು ನಿಯಮ. ಎಲ್ಲ ಮಕ್ಕಳಿಗೂ ಅವೇ ಮಾತು, ಅವೇ ಚಿತ್ರ, ಅಷ್ಟೇ ಸೆಕೆಂಡು. ರಂಜಿನಿಗೆ ಒಂದು ರೀತಿ, ಬೇರೊಬ್ಬರಿಗೆ ಇನ್ನೊಂದು ರೀತಿ ಕೇಳಿದರೆ ಸೇರು ಬದಲಿಸುತ್ತಾ ಅಕ್ಕಿ ಅಳೆದಂತಾಗುತ್ತದೆ. ಅದೇ ಪರೀಕ್ಷೆಯನ್ನು ಬೇಗನೆ ಮತ್ತೆ ಮಾಡಿದರೆ ಮಗು ಉತ್ತರ ನೆನಪಿಟ್ಟುಕೊಂಡಿರುವ ಸಾಧ್ಯತೆ ಇರುತ್ತದೆ. ಆದ್ದರಿಂದ ಮರುಪರೀಕ್ಷೆಗೆ ಅವಕಾಶವಿಲ್ಲ. ಪರೀಕ್ಷೆ ನಡೆದ ಸಂದರ್ಭವೇ ಕೆಟ್ಟಿತ್ತು ಎಂಬುದಕ್ಕೆ ಲಿಖಿತ ಆಧಾರವಿದ್ದರೆ ಮಾತ್ರ ನಮ್ಮ ಮೇಲಧಿಕಾರಿ ಸೋಮಶೇಖರ್ ಸರ್ ಪರಿಶೀಲಿಸುತ್ತಾರೆ. ಫ್ಯಾನಿನ ಸದ್ದು ಅಂಥ ಆಧಾರವಲ್ಲ.

ನೀವು ಫೋನಿನಲ್ಲಿ ಕೇಳಿದ್ದ ವೀಕ್ಷಣಾ ಟಿಪ್ಪಣಿಯನ್ನು ನಕಲು ಮಾಡಿ ಇಲ್ಲಿ ಬರೆದಿದ್ದೇನೆ:

'ಮಗು ಪ್ರಶ್ನೆಯ ಕಡೆ ಗಮನ ಕೊಡದೆ ಮತ್ತೆ ಮತ್ತೆ ತನ್ನ ಬಲಗಡೆಗೆ ನೋಡುತ್ತಿತ್ತು. ಆಯ್ಕೆಯ ಹದಿನಾಲ್ಕು ಪ್ರಶ್ನೆಗಳಲ್ಲಿ ಹನ್ನೊಂದಕ್ಕೆ ನಾಲ್ಕನೆಯ ಉತ್ತರವನ್ನೇ ಹೇಳಿತು. ಬಾಯಿಮಾತಿನ ಪ್ರಶ್ನೆಗಳು ಬಂದಾಗ ಮೊದಮೊದಲು ತುಟಿ ಅಲ್ಲಾಡಿಸಿತು, ಆಮೇಲೆ ಪೂರ್ತಿ ಸುಮ್ಮನಾಯಿತು. ಏಕಾಗ್ರತೆಯ ಕೊರತೆ.'

ಬಲಗಡೆ ಏನಿತ್ತು ಎಂದು ಬರೆಯಲು ನಮೂನೆಯಲ್ಲಿ ಜಾಗವಿಲ್ಲ.

ನಿಮ್ಮ ಆರೋಗ್ಯ ಚೆನ್ನಾಗಿದೆ ಎಂದು ನಂಬಿದ್ದೇನೆ. ಅರ್ಧ ಅಂಕ ನಾನಾದರೂ ಉಳಿಸಿಕೊಳ್ಳುತ್ತೇನೆ.

ವಂದನೆಗಳೊಂದಿಗೆ,
ತೇಜಸ್ವಿನಿ


ಹೊಸಮರಳಹುಂಡಿ
16 ಸೆಪ್ಟೆಂಬರ್ 2024

ತೇಜಸ್ವಿನಿಗೆ,

ಪತ್ರ ಬಂದು ಎರಡು ವಾರವಾಯಿತು. ಶಾಲೆಯ ಕೆಲಸ, ತಡವಾಯಿತು.

ನಿನ್ನ ಕೈಪಿಡಿಯ ಮಾತು ನನಗೆ ಒಪ್ಪಿಗೆಯಾಗಿಲ್ಲ. ಗಡಿಯಾರ ಹಿಡಿದು ಬುದ್ಧಿ ಅಳೆಯುವುದು ಯಾವ ನ್ಯಾಯ? ಇರಲಿ, ವಾದ ಬೇಡ. ಏನಾದರೂ ಮಾಡಿ ಇನ್ನೊಂದು ಪರೀಕ್ಷೆ ಕೊಡಿಸು. ಈ ಸಲ ನಾನು ಬರುವುದಿಲ್ಲ. ಮಂಡಿ ನೋವು, ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿಲ್ಲ. ಅಜ್ಜಿಯ ಜೊತೆ ಕಳಿಸುತ್ತೇನೆ, ಆಕೆಯೂ ಹೊರಗೇ ಕೂರಲಿ.

ಆದರೆ ಮಗು ಈಗ ಇಲ್ಲಿಲ್ಲ. ಹೋದ ಭಾನುವಾರ ರಾಜೇಂದ್ರ ಬಂದು ಕರೆದುಕೊಂಡು ಹೋದ. ಚಿಕ್ಕಯ್ಯನಛತ್ರದ ದಾರಿಯಲ್ಲಿ ಯಾವುದೋ ವಿಶೇಷ ಮಕ್ಕಳ ಹಾಸ್ಟೆಲ್ ಇದೆಯಂತೆ. ಅವನೇನು ಕೆಟ್ಟವನಲ್ಲ. 'ದೊಡ್ಡ ಡಾಕ್ಟ್ರೇ ಬರ್ಕೊಟ್ಟವ್ರೆ ಟೀಚ್ರೆ, ನಾಳೆ ನಮ್ ಮಗೀಗೆ ಏನಾದ್ರೂ ಆದ್ರೆ ನೋಡ್ಕೊಳೋರು ಬೇಕಲ್ವಾ' ಎಂದ. ನಿನ್ನನ್ನು ಡಾಕ್ಟರು ಅಂದುಕೊಂಡಿದ್ದಾನೆ. ರಂಜಿನಿ ಅಳಲಿಲ್ಲ. ಮನೆ ಬಾಗಿಲಲ್ಲಿ ನಿಂತು 'ಅಜ್ಜಿ, ನಾಳೆ ಸೋಮವಾರ, ಸ್ವಾಮಿ ಮತ್ತವನ ತಂಗಿ ಮೊಟ್ಟೆ ತಿನ್ನಲ್ಲ, ಮರೀಬ್ಯಾಡ' ಎಂದು ಹೇಳಿ ಹೋದಳು.

ಮಹದೇವಮ್ಮ ನನ್ನ ಬಳಿ ಬಂದು ಕೇಳಿದ್ದನ್ನು ಹಾಗೇ ಬರೆಯುತ್ತೇನೆ. 'ನಮ್ ರಂಜಿನಿ ದಡ್ಡಿ ಅಂತ ಕಾಗ್ದ ಕೊಟ್ಟವ್ರಂತಲ್ಲ ಟೀಚ್ರೆ, ನೀವೂ ಅಲ್ಲೇ ಕುಂತಿದ್ರಂತೆ. ನೀವಾದ್ರೂ ಯೋಳ್ಬಾರ್ದಾಗಿತ್ತಾ?'

ನಾನು ಹಾಜರಿ ಪುಸ್ತಕ ತೆರೆದು ಕೂತೆ. ಆ ಹೆಂಗಸು ಅಡುಗೆಗೆ ಸೇರಿದ ವರ್ಷ ಊರಿನ ಕೆಲವರು ತಮ್ಮ ಮಕ್ಕಳ ಕೈಗೆ ಬುತ್ತಿ ಕೊಟ್ಟು ಕಳಿಸುತ್ತಿದ್ದರು. ಎಲ್ಲರ ಮುಂದೆ ಮೊದಲ ತಟ್ಟೆ ಹಾಕಿಸಿಕೊಂಡು ಉಂಡವಳು ನಾನು. ಅಂದಿನಿಂದ ನನ್ನ ಮಾತೆಂದರೆ ಆಕೆಗೆ ದೇವರ ಮಾತು.

ಹಾಸ್ಟೆಲಿಗೆ ಹೋಗಿ ಮಗುವನ್ನೊಮ್ಮೆ ನೋಡಿ ಬಾ. ಹೇಗಿದೆ ಬರಿ.

ಚನ್ನಾಜಮ್ಮ


ನಂಜನಗೂಡು
5 ಅಕ್ಟೋಬರ್ 2024

ಟೀಚರ್,

ಈ ಪತ್ರವನ್ನು ಕಡತಕ್ಕೆ ಸೇರಿಸುವುದಿಲ್ಲ. ಮನೆಯಿಂದ ಬರೆಯುತ್ತಿದ್ದೇನೆ.

ರಂಜಿನಿಯನ್ನು ನೋಡಿದೆ. ಊಟ ಬಟ್ಟೆಗೆ ಕೊರತೆಯಿಲ್ಲ, ಹಾಸ್ಟೆಲಿನವರು ಒಳ್ಳೆಯವರೇ. ಬೆಳಿಗ್ಗೆಯಿಂದ ಸಂಜೆವರೆಗೆ ಕೆಂಪು ಮಣಿ ಒಂದು ಡಬ್ಬಿಗೆ, ಹಸಿರು ಮಣಿ ಇನ್ನೊಂದಕ್ಕೆ ಹಾಕಿಸುತ್ತಾರೆ. ಮರುದಿನ ಅವನ್ನೇ ಬೆರೆಸಿ ಮತ್ತೆ ಕೊಡುತ್ತಾರೆ. ಮೊದಲ ದಿನ ರಂಜಿನಿ ಹತ್ತು ನಿಮಿಷದಲ್ಲಿ ಮುಗಿಸಿ ಕೂತಳಂತೆ. ಈಗ ನಿಧಾನಕ್ಕೆ ಮಾಡುತ್ತಾಳೆ. 'ಬೇಗ ಮುಗುದ್ರೆ ಇನ್ನೊಂದಪ ಬೆರ್ಸಿ ಕೊಡ್ತರೆ ಅಕ್ಕ' ಎಂದಳು.

ಒಂದು ಭಾನುವಾರ ಅನುಮತಿ ಕೇಳಿ ಹೊಳೆ ಕಡೆ ಕರೆದುಕೊಂಡು ಹೋದೆ. ಕಪಿಲೆಯ ಸೋಪಾನದ ಮೇಲೆ ಕೂತೆವು. ಗಡಿಯಾರ ಇರಲಿಲ್ಲ, ಕೈಪಿಡಿ ಇರಲಿಲ್ಲ. ನಮ್ಮೂರ ಮಾತಿನಲ್ಲೇ, ಆಟದಂತೆ, ನಾಲ್ಕು ಉತ್ತರದ ಒಂದು ಪ್ರಶ್ನೆ ಕೇಳಿದೆ. ಅವಳು ನನ್ನ ಮುಖ ನೋಡಲಿಲ್ಲ, ಮಡಿಲಲ್ಲಿದ್ದ ನನ್ನ ಕೈ ನೋಡಿದಳು. 'ಅಕ್ಕಾ, ಕೈ ಮ್ಯಾಲಿಡಿ' ಎಂದಳು.

ಟೀಚರ್, ಇಷ್ಟು ದಿನ ನೀವೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಈಗ ಬರೆಯುತ್ತೇನೆ. ಮೇಜಿನ ಮೇಲೆ ಒಂದು ಬೆರಳು ಚಾಚಿದರೆ ಮೊದಲನೆಯ ಉತ್ತರ, ಎರಡು ಚಾಚಿದರೆ ಎರಡನೆಯದು, ನಾಲ್ಕು ಚಾಚಿದರೆ ನಾಲ್ಕನೆಯದು. ಮುಷ್ಟಿ ಹಿಡಿದರೆ ಬಾಯಿ ಮುಚ್ಚಿಕೊಂಡಿರು, ಶಾಲಾ ಇನ್‌ಸ್ಪೆಕ್ಟರ ಮುಂದೆ ತಪ್ಪು ಹೇಳಿ ಶಾಲೆಯ ಮಾನ ಕಳೆಯಬೇಡ. ನಾನು ಐದನೇ ತರಗತಿಯಲ್ಲಿದ್ದಾಗಲೂ ಇದೇ ಕೈ ಇತ್ತು.

ಶಿಬಿರದ ದಿನ ನಿಮ್ಮ ಬಲಗೈ ಹೆಬ್ಬೆರಳಿಗೆ ಚೀಲದ ಪಟ್ಟಿ ಸಿಕ್ಕಿಸಿಕೊಂಡು ಉಳಿದ ನಾಲ್ಕು ಬೆರಳನ್ನು ಮೇಜಿನ ಮೇಲಿಟ್ಟಿದ್ದಿರಿ. ಅವಳು 'ನಾಲ್ಕು' ಎಂದಳು. ಮತ್ತೆ ಮತ್ತೆ ನಾಲ್ಕು ಎಂದಳು. ಉತ್ತರ ತಪ್ಪಾಗುತ್ತಿದೆ ಎಂದು ಗೊತ್ತಾಗಿ ನಿಮಗೆ ಗಾಬರಿಯಾಯಿತು, ಕೈ ಮುಷ್ಟಿಯಾಯಿತು. ಅವಳು ಬಾಯಿ ಮುಚ್ಚಿದಳು. ಅವಳಿಗಾಗಿ ನೀವು ಹೆದರಿದಷ್ಟೂ ಅವಳು ಸುಮ್ಮನಾದಳು. ಇದೆಲ್ಲ ನನಗೆ ಮೂರನೇ ಪ್ರಶ್ನೆಗೇ ತಿಳಿಯಿತು.

ಯಾಕೆ ನಿಲ್ಲಿಸಲಿಲ್ಲ ಎಂದು ನೀವು ಕೇಳಬಹುದು. ಅವತ್ತು ಮೂವತ್ತೊಂದು ಮಕ್ಕಳಿಗೆ ನಾವು ನಾಲ್ವರೇ ಪರೀಕ್ಷಕರಿದ್ದೆವು, ನಾಲ್ಕು ಗಂಟೆಗೆ ಅವರ ವಾಹನ ಹೊರಡಬೇಕಿತ್ತು. ಅದು ಅರ್ಧ ಕಾರಣ. ನಿಮಗೆ 'ಹೊರಗೆ ಹೋಗಿ ಟೀಚರ್' ಎನ್ನಲು ನನಗೆ ಬಾಯಿ ಬರಲಿಲ್ಲ. ನಿಮ್ಮ ಮುಷ್ಟಿ ನನಗೂ ಕಾಣುತ್ತಿತ್ತು.

ಈಗೊಂದು ದಾರಿಯಿದೆ. ಇಂಥ ಸನ್ನೆಯ ಅಭ್ಯಾಸ ನಿಮ್ಮ ಶಾಲೆಯಲ್ಲಿತ್ತು, ಪರೀಕ್ಷೆಯ ವೇಳೆ ಮಗು ನಿಮ್ಮ ಕೈ ನೋಡುತ್ತಿತ್ತು ಎಂದು ನೀವು ಬರೆದು ಸಹಿ ಮಾಡಿ ಕಳಿಸಿ. ವರದಿ ರದ್ದಾಗುತ್ತದೆ, ಬೇರೆ ಪ್ರಶ್ನೆಪತ್ರಿಕೆಯಲ್ಲಿ ಮರುಪರೀಕ್ಷೆ ಸಿಗುತ್ತದೆ. ಡಿಸೆಂಬರಿಗೆ ಇನ್ನೂ ಸಮಯವಿದೆ.

ತೇಜಸ್ವಿನಿ


ನಂಜನಗೂಡು
4 ನವೆಂಬರ್ 2024

ಟೀಚರ್,

ತಿಂಗಳಾಯಿತು, ಉತ್ತರವಿಲ್ಲ. ಫೋನೂ ಎತ್ತುತ್ತಿಲ್ಲ. ರಂಜಿನಿ ಮಾತು ಕಡಿಮೆ ಮಾಡಿದ್ದಾಳೆ. ದಯವಿಟ್ಟು ಬರೆಯಿರಿ.

ತೇಜಸ್ವಿನಿ


ಹೊಸಮರಳಹುಂಡಿ
18 ನವೆಂಬರ್ 2024

ತೇಜಸ್ವಿನಿ,

ನನಗೇ ಪಾಠ ಹೇಳುವಷ್ಟು ದೊಡ್ಡವಳಾದೆಯಾ?

ಆ ಕೈ ಯಾಕೆ ಶುರುವಾಯಿತು ಗೊತ್ತಾ ನಿನಗೆ? ಒಬ್ಬಳೇ ಟೀಚರು, ಐದು ತರಗತಿ, ಒಂದೇ ಕೋಣೆ. ಜನಗಣತಿ ನನಗೆ, ಚುನಾವಣೆ ನನಗೆ, ಮಾತ್ರೆ ನುಂಗಿಸುವುದು ನನಗೆ. ವರ್ಷಕ್ಕೊಮ್ಮೆ ಪ್ಯಾಂಟು ಹಾಕಿದವನೊಬ್ಬ ಬಂದು ಹತ್ತು ಪ್ರಶ್ನೆ ಕೇಳಿ ಇಡೀ ಊರಿನ ಮಕ್ಕಳ ಹಣೆಬರಹ ಬರೆದುಕೊಂಡು ಹೋಗುತ್ತಿದ್ದ. ಅಂಕ ಕಡಿಮೆಯಾದರೆ ಶಾಲೆ ಮುಚ್ಚುತ್ತೇವೆ, ಪಕ್ಕದೂರಿಗೆ ಸೇರಿಸುತ್ತೇವೆ ಎನ್ನುತ್ತಿದ್ದರು. ಪಕ್ಕದೂರಿಗೆ ಮೂರು ಮೈಲಿ, ನಾಲೆ ದಾಟಬೇಕು. ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಿದ್ದರು? ನಾನು ಬೆರಳು ಚಾಚಿದೆ, ಶಾಲೆ ಉಳಿಯಿತು. ತಾಲ್ಲೂಕಿಗೇ ಮೊದಲೆಂದು ಫಲಕ ಕೊಟ್ಟರು, ಆಫೀಸಿನ ಗೋಡೆಯ ಮೇಲಿದೆ.

ಆ ಕೈ ಮೊದಲು ನೋಡಿದ್ದು ನಿಮ್ಮ ತಂಡವೇ. ವಿದ್ಯಾರ್ಥಿವೇತನದ ಪರೀಕ್ಷೆಯಲ್ಲಿ ನಿನಗೆ ನಲವತ್ತಕ್ಕೆ ನಲವತ್ತು ಬಂತು. ಅದರ ಬಲದಿಂದ ಹೈಸ್ಕೂಲು, ಅದರ ಬಲದಿಂದ ಮೈಸೂರು, ಅದರ ಬಲದಿಂದ ಇವತ್ತಿನ ನಿನ್ನ ಗಡಿಯಾರ. ನನ್ನ ಕೈ ಹಿಡಿದು ಮೇಲೆ ಬಂದವಳು ಈಗ ಅದೇ ಕೈಗೆ ಬೇಡಿ ಹಾಕಿಸುತ್ತೇನೆ ಎನ್ನುತ್ತೀಯ.

ಮೇ 31ಕ್ಕೆ ನನ್ನ ನಿವೃತ್ತಿ. ಈಗ ಬರೆದುಕೊಟ್ಟರೆ ವಿಚಾರಣೆ, ಅಮಾನತು, ಪಿಂಚಣಿಗೂ ತಡೆ. ಇಷ್ಟು ವರ್ಷ ಕಲಿತ ಎಲ್ಲ ಮಕ್ಕಳ ಅಂಕವೂ ಸುಳ್ಳೆಂದು ಊರೇ ಆಡಿಕೊಳ್ಳುತ್ತದೆ. ಮೇ ಮುಗಿಯಲಿ, ಒಂದಲ್ಲ ನೂರು ಪತ್ರ ಬರೆದುಕೊಡುತ್ತೇನೆ. ಆರು ತಿಂಗಳಲ್ಲಿ ಏನೂ ಮುಳುಗಿಹೋಗುವುದಿಲ್ಲ.

ಚನ್ನಾಜಮ್ಮ


ನಂಜನಗೂಡು
2 ಡಿಸೆಂಬರ್ 2024

ಟೀಚರ್,

ನೀವು ಬರೆದದ್ದು ನಿಜ. ಆ ನಲವತ್ತರಲ್ಲಿ ನನ್ನವೆಷ್ಟು, ನಿಮ್ಮ ಕೈಯವೆಷ್ಟು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಎಷ್ಟೋ ಪರೀಕ್ಷೆ ಬರೆದಿದ್ದೇನೆ, ಪಾಸಾಗಿದ್ದೇನೆ. ಆದರೂ ಪ್ರತಿ ಸಲ ಫಲಿತಾಂಶ ಬಂದಾಗ ಇದು ಯಾರದ್ದೋ ಅಂಕ ಎನಿಸುತ್ತದೆ. ಬೇರೆಯವರ ಬುದ್ಧಿ ಅಳೆಯುವ ಕೆಲಸಕ್ಕೆ ಯಾಕೆ ಬಂದೆ ಎಂದು ಯಾರಾದರೂ ಕೇಳಿದರೆ ನಗುತ್ತೇನೆ.

ಆರು ತಿಂಗಳಲ್ಲಿ ಏನೂ ಮುಳುಗುವುದಿಲ್ಲ ಎಂದಿರಿ. ನಿನ್ನೆ ಹೋಗಿದ್ದೆ. ಮಣಿಗಳನ್ನು ಬಣ್ಣ ನೋಡದೆ ಎರಡೂ ಡಬ್ಬಿಗೆ ಹಾಕುತ್ತಿದ್ದಳು. ಸರಿಯಾಗಿ ಹಾಕಿದರೂ ತಪ್ಪಾಗಿ ಹಾಕಿದರೂ ಅಲ್ಲಿ 'ಗುಡ್ ಗರ್ಲ್' ಎನ್ನುತ್ತಾರೆ. ಪ್ರೀತಿಯಿಂದಲೇ ಎನ್ನುತ್ತಾರೆ.

ನನ್ನದೂ ಒಂದು ತಪ್ಪೊಪ್ಪಿಗೆ ಬಾಕಿಯಿದೆ. ಪರೀಕ್ಷೆಯ ಕೋಣೆಯಲ್ಲಿ ಮಗುವಿನ ಜೊತೆ ಮೂರನೆಯವರು ಇರಬಾರದೆಂದು ಅದೇ ಕೈಪಿಡಿಯಲ್ಲಿದೆ. ಒಂದಕ್ಷರ ಬದಲಿಸಬಾರದು ಎಂದು ನಿಮಗೆ ಬರೆದವಳು ಆ ಪುಟವನ್ನು ಮಗುಚಿಬಿಟ್ಟಿದ್ದೆ. ನಾನೊಬ್ಬಳೇ ಬರೆದುಕೊಟ್ಟರೆ ನನ್ನ ಕೆಲಸ ಹೋಗುತ್ತದೆ, ವರದಿ ಮಾತ್ರ ಹಾಗೇ ಉಳಿಯುತ್ತದೆ, ನಿಮ್ಮ ಹೇಳಿಕೆ ಇಲ್ಲದೆ ಅದಕ್ಕೆ ಬೆಲೆಯಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸಿ ನೋಡಿಲ್ಲ. ನೋಡುವ ಧೈರ್ಯವೂ ಇಲ್ಲ.

ಅರ್ಜಿಗೆ ಇಪ್ಪತ್ತೊಂಬತ್ತು ದಿನ ಉಳಿದಿದೆ. ಇಬ್ಬರೂ ಸೇರಿ ಬರೆಯೋಣವೇ?

ತೇಜಸ್ವಿನಿ


ಹೊಸಮರಳಹುಂಡಿ
3 ಫೆಬ್ರವರಿ 2025

ತೇಜಸ್ವಿನಿಗೆ,

ನೀನು ಚೆನ್ನಾಗಿರು. ಈ ಸಾಲನ್ನು ಮನಸ್ಸಿನಿಂದಲೇ ಬರೆದಿದ್ದೇನೆ.

ಅರ್ಜಿಯ ದಿನ ಮುಗಿಯಲು ಬಿಟ್ಟೆ. ಜನವರಿ ಒಂದನೇ ತಾರೀಖು ಬೆಳಿಗ್ಗೆ ಎದ್ದಾಗ, ಇನ್ನು ಅವಸರವಿಲ್ಲವಲ್ಲ ಎಂದು ಒಂದು ಗಳಿಗೆ ಹಗುರವಾಯಿತು. ಅದನ್ನು ನಿನಗೆ ಹೇಳದೆ ಇರಬಾರದು ಎನಿಸಿತು.

ಸಂಕ್ರಾಂತಿಯ ಮಾರನೆಯ ದಿನ ಎಳ್ಳು ಬೆಲ್ಲ ಕಟ್ಟಿಕೊಂಡು ಮಹದೇವಮ್ಮನ ಜೊತೆ ಹಾಸ್ಟೆಲಿಗೆ ಹೋಗಿದ್ದೆ. ಮಂಡಿಗೆ ಏನೂ ಆಗಿರಲಿಲ್ಲ, ಅದು ನಿನಗೂ ಗೊತ್ತಿತ್ತು. ಅಜ್ಜಿಯನ್ನು ನೋಡಿ ರಂಜಿನಿ ಓಡಿಬಂದಳು. 'ಅಜ್ಜೀ' ಎಂದವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹಿಂದೆ ನಿಂತಿದ್ದ ನನ್ನನ್ನು ನೋಡಿದಳು. ಮುಖ ನೋಡಲಿಲ್ಲ, ಕೈ ನೋಡಿದಳು. ನನ್ನ ಕೈಯಲ್ಲಿ ಎಳ್ಳಿನ ಪೊಟ್ಟಣವಿತ್ತು, ಬಿಗಿಯಾಗಿ ಹಿಡಿದಿದ್ದೆ. ಅವಳು ಬಾಯಿ ಮುಚ್ಚಿಕೊಂಡಳು. ನಾವು ಹೊರಡುವವರೆಗೂ ಮತ್ತೆ ಮಾತಾಡಲಿಲ್ಲ. ಬಸ್ಸಿನಲ್ಲಿ ಮಹದೇವಮ್ಮ 'ಮಗ ಮಾತೇ ಮರ್ತೋಗದೆ ಕಣ್ರೀ' ಎಂದು ಅತ್ತರು. ನಾನು ಪೊಟ್ಟಣ ಕೊಡದೆಯೇ ಬಂದಿದ್ದೆ. ಬೆವರಿಗೆ ಬೆಲ್ಲ ಕರಗಿ ಅಂಗೈಗೆ ಅಂಟಿತ್ತು.

ಮರುದಿನ ಶಾಲೆಯಲ್ಲಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಎಂಟೇಳಲಿ ಎಷ್ಟು ಎಂದು ಕೇಳಿದೆ. ಯಾರೂ ಉತ್ತರ ಹೇಳಲಿಲ್ಲ. ಮಗ್ಗಿ ಬರುವ ಮಕ್ಕಳು ತೇಜಸ್ವಿನಿ, ರಾಗವಾಗಿ ಹೇಳಲು ಬಿಟ್ಟರೆ ಇಪ್ಪತ್ತರವರೆಗೆ ಹೇಳುತ್ತಾರೆ. ಪ್ರಶ್ನೆ ಎಂದು ಕೇಳಿದ ಕೂಡಲೇ ಎಲ್ಲರೂ ನನ್ನ ಸೊಂಟದ ಕಡೆ ನೋಡುತ್ತಾ, ಕೈ ಯಾವಾಗ ಹೊರಗೆ ಬರುತ್ತದೆ ಎಂದು ಕಾಯುತ್ತಾ ಕೂತರು. ಬಹಳ ಹೊತ್ತು ನಿಂತೇ ಇದ್ದೆ. ಕೊನೆಗೆ ಒಂದನೇ ತರಗತಿಯ ಮಗುವೊಂದು ಟೀಚರಿಗೆ ಕೈ ನೋವಾ ಎಂದು ಕೇಳಿತು.

ಮಹದೇವಮ್ಮನಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟು, 'ಇಷ್ಟ್ ದಿನ ನಿಮ್ಗೇ ಅನ್ನ ಮೊದ್ಲು ಬಡಿಸ್ತಿದ್ದೆ ಟೀಚ್ರೆ' ಎಂದಷ್ಟೇ ಹೇಳಿ ಒಲೆ ಕಡೆ ಹೋದರು. ಅವತ್ತಿನಿಂದ ನನ್ನ ತಟ್ಟೆಗೆ ಕೊನೆಯಲ್ಲಿ ಬಡಿಸುತ್ತಾರೆ. ಉಣ್ಣುತ್ತೇನೆ. ಈಗ ಅಕ್ಕಿಯನ್ನು ಅಂದಾಜಿನಲ್ಲಿ ಹಾಕುತ್ತಾರೆ, ಒಂದು ದಿನ ಉಳಿಯುತ್ತದೆ, ಒಂದು ದಿನ ಸಾಲುವುದಿಲ್ಲ.

ಹೇಳಿಕೆ ಇದರ ಜೊತೆಗಿದೆ. ನಾಲ್ಕು ಪುಟ. ಯಾವ ವರ್ಷದಿಂದ, ಹೇಗೆ, ಯಾವ ಬೆರಳಿಗೆ ಯಾವ ಅರ್ಥ, ಎಲ್ಲ ಬರೆದು ಸಹಿ ಮಾಡಿದ್ದೇನೆ. ಇಲಾಖೆಗೂ ಒಂದು ಪ್ರತಿ ಹಾಕಿದ್ದೇನೆ. ಫಲಕವನ್ನು ಗೋಡೆಯಿಂದ ಇಳಿಸಿ ಬೀರುವಿನಲ್ಲಿಟ್ಟಿದ್ದೇನೆ. ನಿನ್ನ ಹೆಸರು ಎಲ್ಲೂ ಬರೆದಿಲ್ಲ.

ಈ ವರ್ಷದ ಅರ್ಜಿ ಹೋಯಿತು, ಹೋಗಲಿ. ಮರುಪರೀಕ್ಷೆ ಮಾಡಿಸು. ಅಂಕ ಬಂದರೆ ಇಲ್ಲಿಗೇ ಕರೆತಂದು ಐದನೇ ತರಗತಿಯಲ್ಲೇ ಇನ್ನೊಂದು ವರ್ಷ ಕೂರಿಸಬಹುದು, ಮುಂದಿನ ವರ್ಷ ಅರ್ಜಿ ಹಾಕಬಹುದು. ಅಷ್ಟು ಹೊತ್ತಿಗೆ ಇಲ್ಲಿ ಬೇರೆ ಟೀಚರ್ ಬಂದಿರುತ್ತಾರೆ. ಅವಳಿಗೆ ಅದೇ ಒಳ್ಳೆಯದು.

ಚನ್ನಾಜಮ್ಮ


ನಂಜನಗೂಡು
22 ಮಾರ್ಚ್ 2025

ಟೀಚರ್,

ನಿಮ್ಮನ್ನು ಅಮಾನತು ಮಾಡಿದ ಸುದ್ದಿ ತಿಳಿಯಿತು. ನಿಮ್ಮ ಹೇಳಿಕೆಯ ಕೆಳಗೆ ನನ್ನದೂ ಒಂದು ಪುಟ ಬರೆದು ಸೇರಿಸಿದೆ. ಮೂರನೆಯವರನ್ನು ಕೋಣೆಯಲ್ಲಿ ಬಿಟ್ಟಿದ್ದು ಪರೀಕ್ಷಕಿಯ ತಪ್ಪು ಎಂದು ನನಗೆ ಎಚ್ಚರಿಕೆಯ ಪತ್ರ ಕೊಟ್ಟರು. ಕೆಲಸ ಹೋಗಲಿಲ್ಲ. ಇಷ್ಟೇ ಆಗುವುದಿತ್ತು ಟೀಚರ್. ಅಕ್ಟೋಬರಿನಲ್ಲೇ ಬರೆದಿದ್ದರೂ ಇಷ್ಟೇ ಆಗುತ್ತಿತ್ತು.

ಹಳೆಯ ವರದಿ ರದ್ದಾಯಿತು. ಹೋದ ಶನಿವಾರ ಮರುಪರೀಕ್ಷೆ ಮಾಡಿದೆ.

ಎಲ್ಲವನ್ನೂ ಸರಿಯಾಗಿ ಮಾಡಬೇಕೆಂದು ಹಟ ಹಿಡಿದಿದ್ದೆ. ಅವತ್ತು ನಮ್ಮ ಕೇಂದ್ರಕ್ಕೆ ಬೇರೆ ಮಗು ಬರದಂತೆ ನೋಡಿಕೊಂಡೆ. ಫ್ಯಾನು ಆರಿಸಿದೆ. ಮೊದಲು ಅರ್ಧ ಗಂಟೆ ಆಟವಾಡಿಸಿದೆ, ನೀರು ಕುಡಿಸಿದೆ. ಹೊಸ ಪ್ರಶ್ನೆಪತ್ರಿಕೆಯಲ್ಲಿ ಲಿಫ್ಟು ಇರಲಿಲ್ಲ. ಆಡುಮಾತಿನಲ್ಲಿ ಒಮ್ಮೆ ಬಿಡಿಸಿ ಹೇಳಲು ಸೋಮಶೇಖರ್ ಸರ್ ಬರೆದು ಅನುಮತಿ ಕೊಟ್ಟಿದ್ದರು. ಕೋಣೆಯಲ್ಲಿ ನಾನು, ಅವಳು, ಇಬ್ಬರೇ. ನನ್ನ ಕೈಯನ್ನು ಮೇಜಿನ ಕೆಳಗೆ ಮಡಿಲಲ್ಲಿ ಇಟ್ಟುಕೊಂಡೆ.

ಅವಳು ಮೇಜು ನೋಡಿದಳು. ಬಲಗಡೆಯ ಖಾಲಿ ಕುರ್ಚಿ ನೋಡಿದಳು. ಆಮೇಲೆ ಎರಡೂ ಕೈ ಜೋಡಿಸಿಕೊಂಡು ಸುಮ್ಮನೆ ಕೂತಳು. ಐವತ್ತು ನಿಮಿಷ ಹಾಗೇ ಕೂತಳು. ಒಂದೊಂದು ಪ್ರಶ್ನೆ ಮುಗಿದಾಗಲೂ ನನ್ನ ಮುಖ ನೋಡಿ ನಗುತ್ತಿದ್ದಳು. 'ಗುಡ್ ಗರ್ಲ್' ಎನ್ನುತ್ತೇನೆಂದು ಕಾಯುತ್ತಿದ್ದಳು ಎಂದು ನನಗೆ ತಡವಾಗಿ ಹೊಳೆಯಿತು.

ನಲವತ್ತೊಂಬತ್ತು ಅಂಕ ಬಂತು. ಮೊದಲಿಗಿಂತ ಐದು ಕಡಿಮೆ.

ಈ ಸಲ ವಿಧಾನದಲ್ಲಿ ಒಂದು ತಪ್ಪೂ ಇಲ್ಲ. ಸೋಮಶೇಖರ್ ಸರ್ ವರದಿ ಓದಿ, 'ಕಂಡೀಷನ್ ಎಲ್ಲಾ ಕರೆಕ್ಟಾಗವೆ ಕಣಮ್ಮ, ಇನ್ ಯಾರೂ ಪ್ರಶ್ನೆ ಮಾಡಂಗಿಲ್ಲ' ಎಂದು ನನ್ನನ್ನು ಹೊಗಳಿ ಸಹಿ ಹಾಕಿದರು. ಇನ್ನು ಮೂರು ವರ್ಷ ಮತ್ತೊಂದು ಪರೀಕ್ಷೆ ಇಲ್ಲ. ಅಷ್ಟರಲ್ಲಿ ಅವಳಿಗೆ ಹದಿಮೂರು ದಾಟಿರುತ್ತದೆ. ಮೊದಲನೆಯ ವರದಿ ಸುಳ್ಳಾಗಿತ್ತು, ಅದನ್ನು ಹರಿಯಬಹುದಿತ್ತು. ಇದನ್ನು ಯಾರೂ ಹರಿಯಲಾರರು. ನಾನೇ ಬಿಗಿಯಾಗಿ ಕಟ್ಟಿಕೊಟ್ಟಿದ್ದೇನೆ.

ಸಂಜೆ ಅವಳನ್ನು ಹಾಸ್ಟೆಲಿಗೆ ಬಿಡಲು ಹೋದೆ. ಊಟದ ಹೊತ್ತು. ಮಕ್ಕಳು ತಟ್ಟೆ ಹಿಡಿದು ಜಗಲಿಯ ಮೇಲೆ ಕೂತಿದ್ದರು. ನಾನು ಕಣ್ಣೊರೆಸಿಕೊಳ್ಳುತ್ತಾ ಅವಳಿಗೆ ಬೆನ್ನು ಮಾಡಿ ನಿಂತಿದ್ದೆ, ಏನೂ ಕೇಳಿರಲಿಲ್ಲ. ಹಿಂದಿನಿಂದ ಸಣ್ಣಗೆ ಅವಳ ದನಿ ಬಂತು. ಯಾರಿಗೂ ಅಲ್ಲ, ತನ್ನಷ್ಟಕ್ಕೆ ಹೇಳಿಕೊಂಡಂತೆ.

'ಐವತ್ಮೂರು ಜನ. ಐದು ಕೆಜಿ ಮುನ್ನೂರು.'

ನಾನು ತಿರುಗಿ ನೋಡಿದೆ. ಅವಳ ಕಣ್ಣು ನನ್ನ ಕೈ ಮೇಲೆ ಬಿತ್ತು, ಬಾಯಿ ಮುಚ್ಚಿತು. ಮತ್ತೆ ಎಷ್ಟು ಕೇಳಿದರೂ ಹೇಳಲಿಲ್ಲ. ಅಲ್ಲೇ ನಿಂತು ಮಕ್ಕಳನ್ನು ಎಣಿಸಿದೆ. ಐವತ್ತಮೂರೇ ಇದ್ದರು.

ಸೋಮವಾರ ಸರ್‌ಗೆ ಹೇಳಿದೆ. ಪ್ರಶ್ನೆ ಕೇಳದೆ ಬಂದ ಉತ್ತರಕ್ಕೆ ಅಂಕ ಹಾಕಲು ಬರುವುದಿಲ್ಲ ಎಂದರು.

ಮಹದೇವಮ್ಮನಿಗೆ ಅಂಕ ಎಷ್ಟೆಂದು ಹೇಳಬೇಡಿ ಟೀಚರ್. ಐದು ಕೆಜಿ ಮುನ್ನೂರು ಎಂದು ಮಾತ್ರ ಹೇಳಿ. ಅವರಿಗೆ ಗೊತ್ತಾಗುತ್ತದೆ.

ತೇಜಸ್ವಿನಿ